ನಾನು ಹೊಡೆದುಹಾಕಿದ ವಾಕ್ಯ

ಮೌಲವಿಗಳೇ,

ನೀವು ತೀರಿಕೊಂಡ ವರ್ಷದೊಳಗೇ ನಿಮ್ಮ ಕುರಾನ್ ವ್ಯಾಖ್ಯಾನ ಅಚ್ಚಾಯಿತು. ಪ್ರತಿ ವಚನಕ್ಕೂ ಹಿಂದಿನ ಪಂಡಿತರ ಭಿನ್ನ ಅರ್ಥಗಳನ್ನು ಜೋಡಿಸಿ, ‘ನಿಜವನ್ನು ದೇವರೇ ಬಲ್ಲ’ ಎಂದು ನೀವು ಮುಗಿಸುತ್ತಿದ್ದಿರಿ. ಕರಡು ತಿದ್ದುವಾಗ ನಾನು ಆ ವಾಕ್ಯವನ್ನು ಪುನರುಕ್ತಿಯೆಂದು ಹೊಡೆದುಹಾಕಿ, ಮೊದಲ ಅರ್ಥವೊಂದನ್ನುಳಿದು ಮಿಕ್ಕವನ್ನೆಲ್ಲ ಕೊನೆಯ ಪುಟಗಳಿಗೆ ಸಾಗಿಸಿದೆ.

ಇಂದು ಮಧ್ಯಾಹ್ನ ಮೂವರು ಪುಸ್ತಕ ಹಿಡಿದು ಅಚ್ಚುಕೂಟಕ್ಕೆ ಬಂದರು.

“ಮೌಲವಿಗಳು ಕಡ್ಡಿ ಮುರಿದ ಹಾಗೆ ಒಂದೇ ಅರ್ಥ ಬರೆದಿದ್ದಾರೆ. ಅವರ ಮಗಳು ಪಾಠದಲ್ಲಿ ನಾಲ್ಕು ಅರ್ಥ ಹೇಳ್ತಾಳೆ. ಅಪ್ಪನಿಗೇ ಕಲಿಸ್ತಾಳಾ?”

ಕೊನೆಯ ಪುಟಗಳನ್ನು ತೆರೆದು ತೋರಿಸಿದೆ.

“ಅಷ್ಟು ದೂರ ಯಾರು ಓದ್ತಾರೆ ಸ್ವಾಮಿ? ಅವಳ ಪಾಠ ಎಷ್ಟು ಗಂಟೆಗೆ?”

ತಿಳಿಯದೆಂದೆ. ಅವರು ಗೋಡೆಗೆ ಅಂಟಿಸಿದ್ದ ಅವಳ ಪಾಠದ ಪ್ರಕಟಣೆಯತ್ತ ನೋಡಿದರು. ವೇಳೆಯನ್ನು ದಪ್ಪಕ್ಷರದಲ್ಲಿ ಹಾಕಿಸಿದವನು ನಾನೇ.

ಪುಸ್ತಕ ಕಂಡ ದಿನದಿಂದ ಅವಳು ನನ್ನ ಕರೆಗೆ ಓಗೊಡುತ್ತಿಲ್ಲ. ಅವಳನ್ನು ಎಚ್ಚರಿಸಲು ನಾನೇ ಹೊರಟಿದ್ದೇನೆ, ಅವರು ಆಗಲೇ ಹೊರಟುಹೋಗಿದ್ದಾರೆ.