ಅತ್ತೆಯ ಅಂಗಡಿಯ ಮೊಹರು

ಜೂನ್ 6, ಗುರುವಾರ. ಚಾಂಗ್ಶಾ.

ಮೈಯೆಲ್ಲ ಉರಿಯುತ್ತಿದೆ. ಕೆಲಸದ ಕರಾರುಪತ್ರ ತರದಿದ್ದರೆ ಪದವಿಪತ್ರವಿಲ್ಲ ಎಂದರು ಕಾಲೇಜಿನ ಔಯಾಂಗ್ ಮೇಷ್ಟ್ರು.

"ಎಲ್ಲಿಂದ ತರ್ಲಿ ಸಾರ್?"

"ನಿಮ್ಮ ಸೋದರತ್ತೇದು ನೂಡಲ್ಸ್ ಅಂಗಡಿ ಇದ್ಯಲ್ಲಮ್ಮ, ಒಂದು ಮೊಹರು ಹಾಕಿಸ್ಕೊಂಡು ಬಾ. ಎಷ್ಟು ಜನಕ್ಕೆ ಕೆಲ್ಸ ಸಿಕ್ತು ಅಂತ ನಾವು ತೋರಿಸ್ಬೇಕು."

ಹಾಕಿಸಿಕೊಂಡು ಬಂದೆ. ಈಗ ನಾನು ಆ ಅಂಗಡಿಯ ಲೆಕ್ಕಾಧಿಕಾರಿಯಂತೆ! ಅತ್ತೆ ಲೆಕ್ಕ ಬರೆಯುವುದು ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ.

ಪದವಿಯಾದ ಮೇಲೆ ನಾನು ಲೆಕ್ಕಶಾಸ್ತ್ರದ ಸ್ನಾತಕೋತ್ತರಕ್ಕೆ ಸೇರಲು ಹೊರಟಿದ್ದೇ ಅದರ ಕರಪತ್ರ ನಂಬಿ: ನೂರಕ್ಕೆ ತೊಂಬತ್ತೆಂಟು ಜನರಿಗೆ ಕೆಲಸ. ಹೋದ ವರ್ಷ ಅದನ್ನು ಮುಗಿಸಿದ ಶಿಯಾಂಗ್ ಅಕ್ಕನಿಗೆ ಸಂಜೆ ಫೋನ್ ಮಾಡಿದೆ.

"ನಿಂಗೆಲ್ಲಿ ಕೆಲ್ಸ ಅಕ್ಕಾ?"

ನಕ್ಕಳು. "ಮಾವನ ಹೂವಿನಂಗಡೀಲಿ ಕಣೇ. ಬರೀ ಮೊಹರು."

ತೊಂಬತ್ತೆಂಟಂತೆ! ಲೆಕ್ಕಪರಿಶೋಧನೆ ಕಲಿಸುವವರು ಇವರೇ. ತುಂಬಿಟ್ಟ ಅರ್ಜಿ ಮುಂದಿದೆ. ಕಳಿಸಲೂ ಮನಸ್ಸಿಲ್ಲ, ಹರಿದು ಎಸೆಯಲೂ ಕೈ ಬಾರದು. ಹರಿದರೆ ನನಗುಳಿಯುವುದು ಅತ್ತೆಯ ಸೀಮೆಸುಣ್ಣ.