ಗುಡಾರಕ್ಕೆ ಮೊದಲು

ಅಡಿಸ್ ಅಬಾಬ,
ಮಂಗಳವಾರ

ಮಾನ್ಯ ಮೆಕುರಿಯಾ ಅವರಿಗೆ ಗೆಜಾಹೆನ್ ಮಾಡುವ ವಂದನೆಗಳು.

ನಾವೆಲ್ಲ ಇದ್ದ ಹಳೆಯ ಕೇರಿಯನ್ನು ಕೆಡವಿ ಸರ್ಕಾರ ನಮಗೆ ಕೊಟ್ಟ ಐದನೆಯ ಮಹಡಿಯ ಮನೆ ಅನುಕೂಲವಾಗಿದೆ. ಗೋಡೆಯಾಚೆಯವರ ಕೆಮ್ಮೂ ಕೇಳಿಸುತ್ತದೆ. ಹೆಸರು ಮಾತ್ರ ತಿಳಿಯದು. ಇಲ್ಲಿನ ಶವಸಂಸ್ಕಾರ ಸಂಘದವರು ನಮ್ಮನ್ನು ಸೇರಿಸಿಕೊಳ್ಳಲು ಸಿದ್ಧರಿದ್ದಾರೆ. ಪತ್ನಿ ಜೆನೆಬೆಚ್ ಒಪ್ಪುತ್ತಿಲ್ಲ.

"ನನ್ ಜತೆ ಒಂದಿನಾನೂ ಜಗಳ ಆಡದೋರು ನನಗೋಸ್ಕರ ಹೇಗ್ರೀ ಅಳ್ತಾರೆ? ಮೆಕುರಿಯಾ ಅಣ್ಣನ ಹೆಂಡ್ತಿ ದಿನಾ ಜಗಳ ಆಡ್ತಿದ್ಲು, ಅವ್ಳು ನಿಜವಾಗ್ಲೂ ಅಳ್ತಾಳೆ" ಎನ್ನುತ್ತಾಳೆ.

ಆದ್ದರಿಂದ, ದೂರವಾದರೂ, ನಮ್ಮನ್ನು ನೀವು ನಡೆಸುವ ಹಳೆಯ ಕೇರಿಯ ಸಂಘದಲ್ಲಿಯೇ ಉಳಿಸಿಕೊಳ್ಳಬೇಕೆಂದು ಪ್ರಾರ್ಥನೆ. ನೀವೆಲ್ಲ ಬಂದು ಕೂರುವ ಶೋಕದ ಗುಡಾರ ಹಾಕಲು ಕೆಳಗೆ ವಾಹನಗಳ ನಡುವೆ ಸ್ಥಳ ನೋಡಿಟ್ಟಿದ್ದೇನೆ. ಅವಳು ಈ ಮಳೆಗಾಲವನ್ನು ದಾಟುವುದು ಕಷ್ಟವೆಂದು ವೈದ್ಯರು ಹೇಳಿದ್ದಾರೆ.

ಅದಕ್ಕೂ ಮೊದಲು, ಈ ಭಾನುವಾರವೇ ಎಲ್ಲರೂ ಬನ್ನಿ. ಕಾಫಿಬೀಜವನ್ನು ತಾನೇ ಹುರಿಯುವಷ್ಟು ಶಕ್ತಿ ಅವಳಲ್ಲಿ ಇನ್ನೂ ಇದೆ.

ನಿಮ್ಮ ನೆರೆಯವನು,
ಗೆಜಾಹೆನ್