ಹಿಡಿಜೋಳಕ್ಕೆ ರಶೀದಿ ಇರಲಿಲ್ಲ

ಹಲಬರ್ಗಾ ರಸ್ತೆ, ಭಾಲ್ಕಿ ತಾಲೂಕು
೧೮ ಫೆಬ್ರವರಿ ೨೦೨೪, ಭಾನುವಾರ

ಪ್ರೀತಿಯ ಕಾಂತಾಬಾಯಿ ವೈನಿಯವರಿಗೆ ಮೈದುನ ಸುಶೀಲಕುಮಾರನ ವಂದನೆಗಳು.

ನಿಮ್ಮ ಮೊಣಕಾಲು ಈಗ ಹೇಗಿದೆ? ಔರಾದಿನಲ್ಲೂ ಥಂಡಿ ಇಳಿದಿರಬೇಕು. ಎಸ್ತೇರಾ ನಿಮ್ಮನ್ನು ನೀರಿಗೆ ಕಳಿಸಲಾರಳು, ಆದರೆ ಮಗಳು ಬೇಡವೆಂದರೂ ಕೊಡ ಎತ್ತುವವರು ನೀವು, ನನಗೆ ಗೊತ್ತಿಲ್ಲವೇ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದರೆ ನೀವು “ಆರಾಮ ಇದ್ದೇನಿ ತಮ್ಮಾ, ನೀ ಆರಾಮೇನು” ಎಂದು ಅಷ್ಟಕ್ಕೇ ಮಗಳ ಕೈಗೆ ಕೊಟ್ಟುಬಿಡುತ್ತೀರಿ. ಎಂಟು ವರ್ಷದಿಂದ ನಮ್ಮಿಬ್ಬರ ಮಾತು ಅಷ್ಟೇ. ನಿಮ್ಮಲ್ಲಿ ನನಗೊಂದು ಕೇಳುವುದಿದೆ, ಅದು ಬಾಯಿಗೆ ಬರುವುದಿಲ್ಲ. ಈ ಕಾಗದವನ್ನು ಎಸ್ತೇರಾಳಿಂದ ಓದಿಸಬೇಡಿ, ಚಷ್ಮಾ ಹಾಕಿಕೊಂಡು ನೀವೇ ಓದಿ.

ನಮ್ಮ ಚರ್ಚಿನ ಸಭೆಗೆ ಹೊಸ ಅಯ್ಯನವರು ಬಂದಿದ್ದಾರೆ. ಬೀದರಿನವರು, ಸಣ್ಣ ವಯಸ್ಸು, ಪ್ರಸಂಗ ಮಾತ್ರ ಉದ್ದ. ಹೋದ ತಿಂಗಳು ಒಂದು ಸಂಗತಿ ಹೇಳಿದರು. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯುದ್ಧದ ಖರ್ಚಿಗೆಂದು ಕೂಸು ಹುಟ್ಟಿದರೂ, ಮದುವೆಯಾದರೂ, ಸತ್ತವರನ್ನು ಹೂಳಿದರೂ ಕರ ಹಾಕಿದ್ದರಂತೆ. ಮದುವೆಯಾಗದೆ ಉಳಿದ ಗಂಡಸರೂ ವರ್ಷಾ ವರ್ಷ ಕಟ್ಟಬೇಕಿತ್ತಂತೆ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಬಾಗಿಲ ಹಿಂದೆ ನನ್ನ ಕೈಬರಹದ ಹಲಗೆ ಇನ್ನೂ ತೂಗುತ್ತಿತ್ತು: ದೀಕ್ಷಾಸ್ನಾನಕ್ಕೆ ನೂರು, ಮದುವೆಗೆ ಸಾವಿರ, ಮಣ್ಣಿಗೆ ಐದುನೂರು, ಚಂದಾ ಬಾಕಿ ಇದ್ದವರಿಗೆ ಮೂರೂ ಇಲ್ಲ. ಆ ಕೊನೆಯ ಸಾಲನ್ನು ಮೇಲಿನವರು ಯಾರೂ ಬರೆಸಿದ್ದಲ್ಲ. ಖಜಾಂಚಿಯಾದ ಹುರುಪಿನಲ್ಲಿ ನಾನೇ ಸೇರಿಸಿದ್ದು.

ಅಣ್ಣ ತೀರಿಕೊಂಡ ದಿನ ನಿಮಗೆ ಅದೇ ಸಾಲನ್ನು ತೋರಿಸಿದೆ. ಆಗಿನ ಅಯ್ಯನವರು ಊರಲ್ಲಿರಲಿಲ್ಲ, ಸಮಾಧಿ ಜಾಗದ ಕೀಲಿ ನನ್ನ ಹತ್ತಿರವಿತ್ತು. ಮೂರು ವರ್ಷದ ಚಂದಾ ಬಾಕಿ. ಅಣ್ಣ ಹಾಸಿಗೆ ಹಿಡಿದಿದ್ದ ಮೂರು ವರ್ಷ ಅವು, ನನಗೂ ಗೊತ್ತಿತ್ತು. ನೀವು “ತಮ್ಮಾ, ಮೊದಲ ಮಣ್ಣು ಆಗ್ಲಿ, ತೊಗರಿ ಮಾರಿದ ಮ್ಯಾಲ ಕೊಡ್ತೇನಿ” ಎಂದಿರಿ. ನಾನು “ಕಾಯಿದಾ ಅಂದ್ರ ಕಾಯಿದಾ ವೈನಿ, ನಮ್ಮ ಮನಿಯವರಿಗೇ ಬಿಟ್ಟರ ಮಂದಿ ಏನಂತಾರ” ಎಂದೆ. ಅಷ್ಟು ದುಡ್ಡು ನನ್ನ ಜೇಬಿನಲ್ಲೇ ಇತ್ತು. ಹೊಳೆಯಲಿಲ್ಲ ಎಂದಲ್ಲ. ತಮ್ಮನೇ ಕಟ್ಟಿ ಮುಚ್ಚಿಹಾಕಿದ ಎಂದಾರೆಂದು ಕಟ್ಟಲಿಲ್ಲ. ನೀವು ಇನ್ನೊಮ್ಮೆ ಕೇಳಲಿಲ್ಲ. ನಿಮ್ಮ ಹೊಲದ ಬದುವಿನ ಮೇಲೆ ಕುಣಿ ತೋಡಿಸಿದಿರಿ. ನೆರೆಹೊಲದ ಕರೀಮ ಸಾಬರು ಸಲಿಕೆ ಹಿಡಿದರು, ಒಡಹುಟ್ಟಿದ ನಾನು ದೂರ ನಿಂತು ನೋಡಿದೆ. ತಿಂಗಳಾಗುವುದರೊಳಗೆ ನೀವು ಮಗಳ ಮನೆಗೆ ಹೋದಿರಿ.

ಈಚೆಗೆ ಅಯ್ಯನವರು ಹಳೆಯ ಅಲಮಾರಿ ತೆಗೆಸಿದಾಗ ಹೆಂಗಸರ ಹಿಡಿಜೋಳದ ಪುಸ್ತಕ ಸಿಕ್ಕಿತು. ಬೀಸಲು ಕೊಡುವ ಮುಂಚೆ ದೇವರಿಗೆಂದು ದಿನಕ್ಕೊಂದು ಹಿಡಿ ತೆಗೆದಿಟ್ಟು, ಭಾನುವಾರ ದಸ್ತಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಿರಲ್ಲ, ಅದರದ್ದು. ವಾರಕ್ಕೊಂದು ಗೆರೆ. ಆ ಮೂರು ವರ್ಷದಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ವಾರವೂ ಖಾಲಿ ಇಲ್ಲ. ನನ್ನ ಪುಸ್ತಕದಲ್ಲಿ ಗಂಡಸರ ಹೆಸರು, ನಗದು, ರಶೀದಿ ಮಾತ್ರ. ಹಿಡಿಜೋಳಕ್ಕೆ ರಶೀದಿ ಇರಲಿಲ್ಲ, ಹಾಗಾಗಿ ನನ್ನ ಲೆಕ್ಕದಲ್ಲಿ ನೀವು ಏನೂ ಕೊಟ್ಟಿರಲಿಲ್ಲ. ಎಲ್ಲರ ಜೋಳ ಒಂದೇ ಚೀಲಕ್ಕೆ ಸುರಿದು, ಆರಾಧನೆ ಮುಗಿದ ಮೇಲೆ ಹರಾಜಿನ ಸವಾಲು ಹಾಕುತ್ತಿದ್ದರು. ಅಗ್ಗಕ್ಕೆ ಸಿಗುತ್ತದೆಂದು ಬಹುಪಾಲು ನಾನೇ ಹಿಡಿಯುತ್ತಿದ್ದೆ. ನಮ್ಮ ಮನೆಯಲ್ಲಿ ರೊಟ್ಟಿಯಾದದ್ದು ನಿಮ್ಮ ಜೋಳವೇ, ವೈನಿ. ಆಗ ತಿಳಿದಿರಲಿಲ್ಲ, ಈಗ ಪುಸ್ತಕ ನೋಡಿ ತಿಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಭಾನುವಾರ ಭಾನುವಾರ ನಿಮ್ಮ ಕೈಯಲ್ಲಿನ ಗಂಟನ್ನು ನೋಡುತ್ತಲೇ ಇದ್ದೆ. ನನ್ನಿಂದ ದೊಡ್ಡ ತಪ್ಪಾಯಿತು.

ಇವತ್ತು ಆರಾಧನೆಯಲ್ಲಿ ಎದ್ದು ನಿಂತು ಇದೆಲ್ಲವನ್ನೂ ಹೇಳಿದೆ. ಹಲಗೆ ಇಳಿಸಿದೆವು, ಮೂರಕ್ಕೂ ಇನ್ನು ದುಡ್ಡು ಕೇಳಬಾರದೆಂದು ಸಭೆಯವರು ಒಪ್ಪಿದರು. ಹಿರಿಯರೊಬ್ಬರು “ಎಂಟು ವರ್ಷಕ್ಕ ಎಚ್ಚರಾತೇನಪಾ” ಎಂದರು. ಅಣ್ಣನನ್ನು ಸಭೆಯ ಜಾಗಕ್ಕೆ ತರೋಣವೆಂದು ಕೆಲವರು ಅಂದರು. ಮಲಗಿದವನನ್ನು ಎಬ್ಬಿಸುವುದು ಬೇಡವೆಂದೆ.

ಎಸ್ತೇರಾಳಿಗೂ ಅಳಿಯಂದಿರಿಗೂ ನನ್ನ ನೆನಪು ಹೇಳಿ, ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮ ಕಾಲಿಗೆ ಬಲ ಕೊಡಲಿ.

ನಿಮ್ಮ ಮೈದುನ,
ಸುಶೀಲಕುಮಾರ

ತಾ.ಕ.: ಮರೆತು ಬಿಟ್ಟದ್ದಲ್ಲ, ಬರೆಯಲು ಇಷ್ಟು ಹೊತ್ತು ಬೇಕಾಯಿತು. ಬೀದರಿನ ಡಾಕ್ಟರು ನನಗೆ ಮಳೆಗಾಲದ ತನಕ ಎಂದಿದ್ದಾರೆ, ಎಸ್ತೇರಾಳಿಗೆ ಹೇಳಬೇಡಿ. ಸಭೆಯವರು ನನಗೆಂದು ಗೇಟಿನ ಬಲಗಡೆ ಒಳ್ಳೆಯ ಜಾಗ ತೋರಿಸಿದರು, ಒಲ್ಲೆನೆಂದೆ. ಬದುವಿನ ಮೇಲೆ ಅಣ್ಣನ ಪಕ್ಕದ ಜಾಗ ನಿಮ್ಮದು, ಅದನ್ನು ಕೇಳುವುದಿಲ್ಲ. ಅವನ ಕಾಲ ಕೆಳಗೆ ಆರು ಅಡಿ ಇದೆ, ನಿನ್ನೆ ಹೋಗಿ ಅಳೆದು ಬಂದೆ. ಹೊಲ ನಿಮ್ಮ ಹೆಸರಿನಲ್ಲಿದೆ. ಅಲ್ಲಿ ನನಗೆ ಮಣ್ಣು ಕೊಡಿಸುತ್ತೀರಾ? ಬೇಡವೆಂದರೆ ನಾನೂ ಇನ್ನೊಮ್ಮೆ ಕೇಳುವುದಿಲ್ಲ.